ಚಿನ್ನದ ತಂಡದ ಮೊದಲ ನಾಯಕ ಜೈಪಾಲ್ ಸಿಂಗ್ ಮುಂಡಾ

ಆಟದ ಅಂಗಳದಿಂದ ನಿವೃತ್ತನಾದ ಆಟಗಾರನಿಗೆ ಸಮಾಜವು ಸಲ್ಲಿಸಬೇಕಾದ ಗೌರವ ಯಾವುದು? ಅದನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು? ನಮ್ಮ ದೇಶದಲ್ಲಿ ಈ ಪ್ರಶ್ನೆ ವರ್ಷಕ್ಕೆ ಎರಡು ಬಾರಿಯಾದರೂ ಕೇಳಿಬರುತ್ತದೆ. ಜನವರಿಯಲ್ಲಿ ಪದ್ಮ ಪ್ರಶಸ್ತಿಗಳ ಪಟ್ಟಿ ಹೊರಬಿದ್ದಾಗ ಒಮ್ಮೆ, ಆಗಸ್ಟ್ 29ರಂದು ರಾಷ್ಟ್ರೀಯ ಕ್ರೀಡಾ ದಿನವನ್ನು ಆಚರಿಸುವಾಗ ಮತ್ತೊಮ್ಮೆ. ಆ ದಿನ ಹಾಕಿ ಮಾಂತ್ರಿಕ ಧ್ಯಾನ್‌ಚಂದ್ ಅವರ ಜನ್ಮದಿನ. 1928, 1932 ಮತ್ತು 1936ರ ಮೂರು ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದ ಆ ಮಹಾನುಭಾವರಿಗೆ 1956ರಲ್ಲಿ ಪದ್ಮಭೂಷಣ ದೊರೆಯಿತು. 2021ರಲ್ಲಿ ಖೇಲ್ ರತ್ನ ಪ್ರಶಸ್ತಿಗೆ ಅವರ ಹೆಸರನ್ನಿಡಲಾಯಿತು. ಆದರೆ ಭಾರತ ರತ್ನ ದೊರೆಯಲಿಲ್ಲ. 2011ರಲ್ಲಿ ನಿಯಮವನ್ನು ಬದಲಿಸಿ ಆ ಪ್ರಶಸ್ತಿಯನ್ನು ಎಲ್ಲ ಕ್ಷೇತ್ರಗಳವರಿಗೂ ತೆರೆದಾಗ, ಮೊದಲ ಗೌರವ ಧ್ಯಾನ್‌ಚಂದರಿಗೇ ಸಲ್ಲುವುದೆಂದು ಹಾಕಿ ಪ್ರಿಯರು ನಂಬಿದ್ದರು. 2014ರಲ್ಲಿ ಅದನ್ನು ಸ್ವೀಕರಿಸಿದವರು ಕ್ರಿಕೆಟಿಗ ಸಚಿನ್ ತೆಂಡೂಲ್ಕರ್. ಅಂದಿನಿಂದ ವಾದ ಇನ್ನೂ ಮುಗಿದಿಲ್ಲ.

ಈ ವಾದದಲ್ಲಿ ಇನ್ನೂ ಹಲವು ಹೆಸರುಗಳು ಬರುತ್ತವೆ. ಮೂರು ಚಿನ್ನದ ಪದಕಗಳ ಬಲ್ಬೀರ್ ಸಿಂಗ್ ಸೀನಿಯರ್, ಮೂರು ಚಿನ್ನ ಮತ್ತು ಒಂದು ಬೆಳ್ಳಿ ಗೆದ್ದ ಆಂಗ್ಲೋ ಇಂಡಿಯನ್ ಆಟಗಾರ ಲೆಸ್ಲಿ ಕ್ಲಾಡಿಯಸ್, ಗೋಲಿನ ಮುಂದೆ ಗೋಡೆಯಂತೆ ನಿಂತ ಶಂಕರ್ ಲಕ್ಷ್ಮಣ್. ನಮ್ಮ ಕರ್ನಾಟಕದವರಾದರೆ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಮುಂತಾದ ಕೊಡಗಿನ ವೀರರನ್ನು ನೆನೆಯುತ್ತೇವೆ. ಇವರೆಲ್ಲರೂ ಗೌರವಕ್ಕೆ ಅರ್ಹರೇ. ಆದರೆ ಈ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಕಾಣಿಸದ ಒಂದು ಹೆಸರಿದೆ. ಭಾರತಕ್ಕೆ ಮೊತ್ತಮೊದಲ ಒಲಿಂಪಿಕ್ ಹಾಕಿ ಚಿನ್ನ ಬಂದ 1928ರಲ್ಲಿ ಆ ತಂಡದ ನಾಯಕ ಯಾರು ಎಂದು ನಮ್ಮ ಶಾಲಾ ಮಕ್ಕಳನ್ನು ಕೇಳಿದರೆ ಬಹುತೇಕರು ಧ್ಯಾನ್‌ಚಂದ್ ಎಂದೇ ಉತ್ತರಿಸುವರು. ಸರಿಯಾದ ಉತ್ತರ ಜೈಪಾಲ್ ಸಿಂಗ್ ಮುಂಡಾ. ದನ ಕಾಯುತ್ತಿದ್ದ ಆದಿವಾಸಿ ಬಾಲಕನೊಬ್ಬನು ಆಕ್ಸ್‌ಫರ್ಡಿಗೂ, ಅಲ್ಲಿಂದ ಒಲಿಂಪಿಕ್ಸಿಗೂ, ಕೊನೆಗೆ ಭಾರತದ ಸಂವಿಧಾನ ರಚನಾ ಸಭೆಗೂ ನಡೆದುಬಂದ ಆ ಜೀವನವನ್ನು ನಮ್ಮ ಕುಟುಂಬಗಳು, ಅದರಲ್ಲಿಯೂ ದೇವದುರ್ಗ, ಮಾನ್ವಿ ಸೀಮೆಯ ಕುಟುಂಬಗಳು ಅರಿತುಕೊಳ್ಳುವುದು ಅವಶ್ಯ.

ಟಕರಾ ಗ್ರಾಮದ ದನಗಾಹಿ

ಈಗಿನ ಜಾರ್ಖಂಡ್ ರಾಜ್ಯದ ಖೂಂಟಿ ಜಿಲ್ಲೆಯಲ್ಲಿ ಟಕರಾ ಎಂಬ ಹಳ್ಳಿಯಿದೆ. ಅಲ್ಲಿನ ಮುಂಡಾ ಬುಡಕಟ್ಟಿನ ಕುಟುಂಬವೊಂದರಲ್ಲಿ ಹುಟ್ಟಿದ ಬಾಲಕನಿಗೆ ತಂದೆತಾಯಿಗಳಿಟ್ಟ ಹೆಸರು ಪ್ರಮೋದ್ ಪಾಹನ್. ಅವನ ಜನ್ಮದಿನವೆಂದು ದಾಖಲೆಗಳಲ್ಲಿರುವುದು 1903ರ ಜನವರಿ 3. ಬಾಲ್ಯದಲ್ಲಿ ಊರಿನ ಇತರ ಹುಡುಗರಂತೆ ದನ ಮೇಯಿಸುವುದೇ ಅವನ ಕೆಲಸವಾಗಿತ್ತು. 1911ರಲ್ಲಿ ರಾಂಚಿಯ ಸೇಂಟ್ ಪಾಲ್ಸ್ ಶಾಲೆಗೆ ಸೇರಿದನು. ಅದು ಆಂಗ್ಲಿಕನ್ ಸಭೆಯ ಮಿಷನರಿಗಳು ನಡೆಸುತ್ತಿದ್ದ ಶಾಲೆ. ಜೈಪಾಲ್ ಸಿಂಗ್ ಎಂಬ ಹೆಸರೂ ದೀಕ್ಷಾಸ್ನಾನವೂ ಅವನಿಗೆ ಆ ಶಾಲೆಯ ಸಂಪರ್ಕದಿಂದಲೇ ದೊರೆತವು. ಅವರು ನಮ್ಮ ಕಥೋಲಿಕ ಧರ್ಮಸಭೆಗೆ ಸೇರಿದವರಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ಆ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ಕ್ಯಾನನ್ ಕಾಸ್‌ಗ್ರೇವ್ ಎಂಬ ಪಾದ್ರಿ ಹುಡುಗನಲ್ಲಿ ಎರಡು ಗುಣಗಳನ್ನು ಕಂಡರು. ಒಂದು ಚುರುಕಾದ ಬುದ್ಧಿ, ಇನ್ನೊಂದು ಆಟದ ಅಂಗಳದಲ್ಲಿ ಇತರರನ್ನು ಕೂಡಿಸಿಕೊಂಡು ಮುನ್ನಡೆಸುವ ಶಕ್ತಿ. 1918ರಲ್ಲಿ ಅವರು ಸ್ವದೇಶಕ್ಕೆ ಹಿಂತಿರುಗುವಾಗ ಹುಡುಗನನ್ನೂ ಇಂಗ್ಲೆಂಡಿಗೆ ಕರೆದೊಯ್ದರು. ಮೊದಲು ಕ್ಯಾಂಟರ್‌ಬರಿಯಲ್ಲಿ ಮಿಷನರಿಗಳನ್ನು ತರಬೇತುಗೊಳಿಸುತ್ತಿದ್ದ ಸೇಂಟ್ ಅಗಸ್ಟೀನ್ ಕಾಲೇಜು, ಅನಂತರ 1922ರಲ್ಲಿ ಆಕ್ಸ್‌ಫರ್ಡಿನ ಸೇಂಟ್ ಜಾನ್ಸ್ ಕಾಲೇಜು. ಅಲ್ಲಿ ಅರ್ಥಶಾಸ್ತ್ರ ಓದಿ ಆನರ್ಸ್ ಪದವಿ ಪಡೆದರು. ಹಾಕಿಯಲ್ಲಿ ರಕ್ಷಣಾ ಆಟಗಾರರಾಗಿ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿ, ಅಲ್ಲಿನ ಆಟಗಾರರಿಗೆ ಸಲ್ಲುವ ಬ್ಲೂ ಎಂಬ ಗೌರವವನ್ನು ಗಳಿಸಿದರು. ಹಾಕಿಯಲ್ಲಿ ಆ ಗೌರವ ಪಡೆದ ಮೊದಲ ಭಾರತೀಯರು ಅವರೇ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ರಕ್ಷಣಾ ಆಟಗಾರನ ಹೆಸರು ಗೋಲುಗಳ ಲೆಕ್ಕದಲ್ಲಿ ಬರುವುದಿಲ್ಲ. ಎದುರಾಳಿಯ ಚೆಂಡನ್ನು ಓದುವುದು, ತಡೆಯುವುದು, ತನ್ನವರಿಗೆ ದಾಟಿಸುವುದು ಅವನ ಕಾಯಕ. ಅವನು ತನ್ನ ಕೆಲಸವನ್ನು ಸರಿಯಾಗಿ ಮಾಡಿದಾಗ ಅಂಕಪಟ್ಟಿಯಲ್ಲಿ ಏನೂ ಕಾಣಿಸದು. ಗೋಲುಗಳ ಸಂಖ್ಯೆಯನ್ನಷ್ಟೇ ನೋಡಿ ಗೌರವವನ್ನು ಹಂಚುವವರಿಗೆ ಇಂತಹ ಆಟಗಾರ ಎಂದಿಗೂ ಕಣ್ಣಿಗೆ ಬೀಳುವುದಿಲ್ಲ.

ಅಧಿಕಾರವೋ ಆಟವೋ

ಆ ಕಾಲದಲ್ಲಿ ಭಾರತೀಯನೊಬ್ಬನಿಗೆ ಐ.ಸಿ.ಎಸ್. ಎಂದರೆ ಲೌಕಿಕ ಭಾಗ್ಯದ ತುತ್ತತುದಿ. ಜಿಲ್ಲೆಗಳನ್ನು ಆಳುವ ಅಧಿಕಾರ, ಜೀವನಪರ್ಯಂತ ಭದ್ರತೆ, ಸಮಾಜದಲ್ಲಿ ಎಣೆಯಿಲ್ಲದ ಮನ್ನಣೆ. ಜೈಪಾಲ್ ಸಿಂಗರು ಆ ಸೇವೆಗೆ ಆಯ್ಕೆಯಾಗಿ ಇಂಗ್ಲೆಂಡಿನಲ್ಲಿ ತರಬೇತಿಯಲ್ಲಿದ್ದರು. ಆಗ 1928ರ ಆಮ್‌ಸ್ಟರ್‌ಡ್ಯಾಂ ಒಲಿಂಪಿಕ್ಸಿಗೆ ಭಾರತ ಮೊದಲ ಬಾರಿಗೆ ಹಾಕಿ ತಂಡವನ್ನು ಕಳುಹಿಸುವ ಸಿದ್ಧತೆ ನಡೆಯಿತು. ತಂಡವನ್ನು ಮುನ್ನಡೆಸುವಂತೆ ಜೈಪಾಲರಿಗೆ ಕರೆ ಬಂತು. ಅವರು ರಜೆ ಕೇಳಿದರು. ಸರ್ಕಾರ ರಜೆಯನ್ನು ನಿರಾಕರಿಸಿತು. ರಜೆಯಿಲ್ಲದಿದ್ದರೂ ಅವರು ಹೊರಟರು.

ಮರಳಿ ಬಂದಾಗ ತರಬೇತಿಯನ್ನು ಇನ್ನೊಂದು ವರ್ಷ ಮುಂದುವರಿಸಬೇಕೆಂಬ ಷರತ್ತು ಕಾದಿತ್ತು. ಅದನ್ನು ಒಪ್ಪಿದ್ದರೆ ಸೇವೆ ಉಳಿಯುತ್ತಿತ್ತು. ಅವರು ಒಪ್ಪಲಿಲ್ಲ, ಐ.ಸಿ.ಎಸ್. ಅನ್ನೇ ಬಿಟ್ಟರು. ದೇಶಕ್ಕಾಗಿ ಆಡಿದ್ದು ಅಪರಾಧವೆಂಬ ಭಾವನೆಗೆ ತಲೆಬಾಗಲು ಅವರ ಮನಸ್ಸು ಸಿದ್ಧವಿರಲಿಲ್ಲ. ಹಳ್ಳಿಯಿಂದ ಬಂದ, ಹಿಂದೆ ಆಸ್ತಿಯ ಆಸರೆಯಿಲ್ಲದ ಇಪ್ಪತ್ತೈದರ ಯುವಕ ಇಂತಹ ನಿರ್ಧಾರ ಕೈಗೊಂಡನೆಂಬುದನ್ನು ಮಕ್ಕಳ ಭವಿಷ್ಯದ ಚಿಂತೆಯಲ್ಲಿರುವ ತಂದೆತಾಯಿಗಳು ಒಂದು ಕ್ಷಣ ಯೋಚಿಸಿ ನೋಡಬೇಕು.

ಆಮ್‌ಸ್ಟರ್‌ಡ್ಯಾಂನಲ್ಲಿ ಭಾರತ ಐದು ಪಂದ್ಯಗಳನ್ನಾಡಿತು. ಆಸ್ಟ್ರಿಯಾ, ಬೆಲ್ಜಿಯಂ, ಡೆನ್ಮಾರ್ಕ್, ಸ್ವಿಟ್ಜರ್ಲೆಂಡ್ ತಂಡಗಳು ಒಂದರ ಹಿಂದೊಂದು ಸೋತವು. ಮೇ 26ರ ಅಂತಿಮ ಪಂದ್ಯದಲ್ಲಿ ಆತಿಥೇಯ ನೆದರ್‌ಲೆಂಡ್ಸ್ 3-0 ಅಂತರದಿಂದ ಮಣಿಯಿತು. ಒಟ್ಟು 29 ಗೋಲುಗಳನ್ನು ಹೊಡೆದ ಭಾರತ ಒಂದೇ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಆ 29ರಲ್ಲಿ 14 ಧ್ಯಾನ್‌ಚಂದರದು. ಬಿಟ್ಟುಕೊಡದ ಗೋಲುಗಳ ಕೀರ್ತಿ ಗೋಲ್‌ಕೀಪರ್ ರಿಚರ್ಡ್ ಅಲೆನ್ ಮತ್ತು ರಕ್ಷಣಾ ಆಟಗಾರರದು.

ಆದರೆ ಇಲ್ಲಿಯೇ ಜೈಪಾಲರ ಕೀರ್ತಿಗೆ ಅಡ್ಡಬರುವ ಸಂಗತಿಯೂ ಇದೆ. ಅಂತಿಮ ಪಂದ್ಯದಲ್ಲಿ ಅವರು ಆಡಲಿಲ್ಲ. ತಂಡದಲ್ಲಿ ಆಂಗ್ಲೋ ಇಂಡಿಯನ್ ಆಟಗಾರರೇ ಹೆಚ್ಚಾಗಿದ್ದರು. ವ್ಯವಸ್ಥಾಪಕರೊಡನೆ ಮೂಡಿದ ಭಿನ್ನಾಭಿಪ್ರಾಯದಿಂದ ನಾಯಕ ತಂಡವನ್ನು ನಡುವೆಯೇ ಬಿಟ್ಟು ಹೋದರು. ಕೊನೆಯಲ್ಲಿ ಬ್ರೂಮ್ ಪಿನ್ನಿಗರ್ ತಂಡವನ್ನು ಮುನ್ನಡೆಸಿದರು. ತಪ್ಪು ಯಾರದೆಂಬ ವಿಷಯದಲ್ಲಿ ಒಮ್ಮತವಿಲ್ಲ. ಅವರಿಗೆ ಅತ್ಯುನ್ನತ ಗೌರವ ಸಲ್ಲದೆಂದು ವಾದಿಸುವವರು ಎತ್ತಬಹುದಾದ ಮೊದಲ ಆಕ್ಷೇಪ ಇದೇ: ಗೆಲುವಿನ ದಿನ ಅಂಗಳದಲ್ಲಿಲ್ಲದವನನ್ನು ಗೆದ್ದ ನಾಯಕನೆಂದು ಕರೆಯುವುದು ಹೇಗೆ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅದಕ್ಕೆ ಉತ್ತರ ದೊರೆಯಬೇಕಾದರೆ ಅವರ ಮುಂದಿನ ಬದುಕನ್ನೂ ನೋಡಬೇಕು.

ಅಂಗಳದಿಂದ ಸಂವಿಧಾನ ಸಭೆಗೆ

ಐ.ಸಿ.ಎಸ್. ಬಿಟ್ಟ ಮೇಲೆ ಜೈಪಾಲರು ಕಲ್ಕತ್ತೆಯಲ್ಲಿ ಬರ್ಮಾ ಶೆಲ್ ಕಂಪನಿಯ ಅಧಿಕಾರಿಯಾದರು. ಅಲ್ಲಿ ಮೋಹನ್ ಬಗಾನ್ ಕ್ಲಬ್ಬಿನ ಹಾಕಿ ತಂಡವನ್ನು ಕಟ್ಟಲು ನೆರವಾದರು. ಕಾಂಗ್ರೆಸ್ಸಿನ ಮೊದಲ ಅಧ್ಯಕ್ಷರಾದ ಡಬ್ಲ್ಯು.ಸಿ. ಬ್ಯಾನರ್ಜಿಯವರ ಮೊಮ್ಮಗಳು ತಾರಾ ಅವರನ್ನು ವಿವಾಹವಾದರು. 1934ರಲ್ಲಿ ಆಫ್ರಿಕಾದ ಗೋಲ್ಡ್ ಕೋಸ್ಟ್, ಅಂದರೆ ಈಗಿನ ಘಾನಾ ದೇಶದ ಅಚಿಮೋಟಾ ಕಾಲೇಜಿನಲ್ಲಿ ಅಧ್ಯಾಪಕರಾದರು. ಅನಂತರ ರಾಯಪುರದ ರಾಜಕುಮಾರ ಕಾಲೇಜಿನಲ್ಲಿಯೂ ಬಿಕಾನೇರ್ ಸಂಸ್ಥಾನದಲ್ಲಿಯೂ ಸೇವೆ ಸಲ್ಲಿಸಿದರು. ಸುಖವಾಗಿಯೇ ಸಾಗಬಹುದಾಗಿದ್ದ ಬದುಕು ಅದು.

1939ರಲ್ಲಿ ರಾಂಚಿಯಲ್ಲಿ ಆದಿವಾಸಿ ಮಹಾಸಭೆಯ ಅಧ್ಯಕ್ಷತೆ ವಹಿಸಿದ ದಿನದಿಂದ ಅವರ ದಾರಿ ತಿರುಗಿತು. ಕಾಡು, ಭೂಮಿಗಳನ್ನು ಕಳೆದುಕೊಂಡು ಚಹಾ ತೋಟಗಳಿಗೂ ಗಣಿಗಳಿಗೂ ಕೂಲಿಗೆ ಹೋಗುತ್ತಿದ್ದ ಜನರು ಆ ಸಭೆಗೆ ಬಂದಿದ್ದರು. ತಮ್ಮವರ ಗುಳೆಯ ಸಂಕಟವನ್ನು ಕಂಡ ಜೈಪಾಲರು ತಮ್ಮ ಶಿಕ್ಷಣ, ಇಂಗ್ಲಿಷ್ ಭಾಷೆಯ ಪ್ರಭುತ್ವ, ಒಲಿಂಪಿಕ್ ಕೀರ್ತಿ ಎಲ್ಲವನ್ನೂ ಅವರ ಪರವಾಗಿ ಮುಡಿಪಾಗಿಟ್ಟರು. ಜನರು ಅವರನ್ನು ಮರಂಗ್ ಗೋಮ್ಕೆ, ಅಂದರೆ ಮಹಾನಾಯಕ, ಎಂದು ಕರೆಯತೊಡಗಿದರು.

1946ರಲ್ಲಿ ಬಿಹಾರದಿಂದ ಸಂವಿಧಾನ ರಚನಾ ಸಭೆಗೆ ಆಯ್ಕೆಯಾದರು. ಅದೇ ಡಿಸೆಂಬರಿನಲ್ಲಿ ನೆಹರೂ ಅವರು ಮಂಡಿಸಿದ ಧ್ಯೇಯಗಳ ನಿರ್ಣಯದ ಮೇಲೆ ಅವರು ಮಾಡಿದ ಭಾಷಣ ಇಂದಿಗೂ ಪ್ರಸಿದ್ಧ. ಪ್ರಜಾಪ್ರಭುತ್ವವನ್ನು ಆದಿವಾಸಿಗಳಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ, ಅವರ ಹಳ್ಳಿಗಳ ಬಾಳ್ವೆಯೇ ಅದಕ್ಕೆ ಮಾದರಿ ಎಂಬುದು ಅವರ ವಾದದ ಸಾರ. ಸಭೆಯಲ್ಲಿ ಪುರುಷರೇ ತುಂಬಿರುವುದನ್ನು ತೋರಿಸಿ ಮಹಿಳೆಯರಿಗೂ ಹೆಚ್ಚು ಸ್ಥಾನ ಬೇಕೆಂದರು. 1948ರಲ್ಲಿ ಪಾನನಿಷೇಧದ ಚರ್ಚೆ ಬಂದಾಗ, ಅಕ್ಕಿಯಿಂದ ಮಾಡುವ ಪಾನೀಯ ಆದಿವಾಸಿಗಳ ಪೂಜೆಪುನಸ್ಕಾರಗಳಿಗೂ ಗದ್ದೆಯ ದುಡಿಮೆಗೂ ಹೇಗೆ ಹೆಣೆದುಕೊಂಡಿದೆಯೆಂದು ಬಿಡಿಸಿ ಹೇಳಿದರು. ಆದಿವಾಸಿ ಎಂಬ ಪದವೇ ಸಂವಿಧಾನದಲ್ಲಿ ಇರಬೇಕೆಂದು ಪಟ್ಟುಹಿಡಿದರು. ಆ ಪದ ಉಳಿಯಲಿಲ್ಲ, ಪರಿಶಿಷ್ಟ ಪಂಗಡ ಎಂಬ ಹೆಸರು ಬಂದಿತು. ಆದರೆ ಆ ಜನರಿಗೆ ಶಾಸನಸಭೆಗಳಲ್ಲಿ ಮೀಸಲು ಸ್ಥಾನಗಳು ದೊರೆತುದರ ಹಿಂದೆ ಅವರ ದನಿಯೂ ಇತ್ತು.

ಈ ಸಂಗತಿ ನಮಗೆ ದೂರದ್ದಲ್ಲ. 2008ರ ಕ್ಷೇತ್ರ ಮರುವಿಂಗಡಣೆಯ ನಂತರ ನಮ್ಮ ರಾಯಚೂರು ಗ್ರಾಮಾಂತರ, ಮಾನ್ವಿ, ದೇವದುರ್ಗ ಮತ್ತು ಮಸ್ಕಿ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿವೆ. ಮತ ಹಾಕಲು ಸರದಿಯಲ್ಲಿ ನಿಲ್ಲುವ ನಮ್ಮ ಜನರಲ್ಲಿ ಎಷ್ಟು ಮಂದಿಗೆ, ಆ ಹಕ್ಕಿಗಾಗಿ ದೆಹಲಿಯ ಸಭಾಂಗಣದಲ್ಲಿ ನಿಂತು ವಾದಿಸಿದವರಲ್ಲಿ ಒಬ್ಬರು ಹಾಕಿ ಆಟಗಾರರೆಂಬುದು ತಿಳಿದಿದೆ?

ಸ್ವಾತಂತ್ರ್ಯಾನಂತರ ಅವರು ಜಾರ್ಖಂಡ್ ಪಕ್ಷವನ್ನು ಕಟ್ಟಿದರು. 1952ರ ಚುನಾವಣೆಯಲ್ಲಿ ಅದು 30ಕ್ಕೂ ಹೆಚ್ಚು ಸ್ಥಾನಗಳನ್ನು ಗೆದ್ದು ಬಿಹಾರ ವಿಧಾನಸಭೆಯಲ್ಲಿ ಪ್ರಮುಖ ವಿರೋಧ ಪಕ್ಷವಾಯಿತು. ಜೈಪಾಲರು ಲೋಕಸಭೆಗೆ ಆಯ್ಕೆಯಾದರು. ಪ್ರತ್ಯೇಕ ಜಾರ್ಖಂಡ್ ರಾಜ್ಯಕ್ಕಾಗಿ ಫಜಲ್ ಅಲಿ ಆಯೋಗದ ಮುಂದೆ ಬೇಡಿಕೆಯನ್ನಿಟ್ಟರು. 1955ರ ವರದಿಯಲ್ಲಿ ಆಯೋಗ ಅದನ್ನು ತಿರಸ್ಕರಿಸಿತು. ಇದೇ ಆಯೋಗದ ಶಿಫಾರಸಿನ ಫಲವಾಗಿಯೇ 1956ರ ನವೆಂಬರ್ 1ರಂದು ರಾಯಚೂರು ಹೈದರಾಬಾದ್ ರಾಜ್ಯದಿಂದ ಬಂದು ಕನ್ನಡ ನಾಡನ್ನು ಸೇರಿತು. ಒಂದೇ ವರದಿ ನಮ್ಮ ಹಿರಿಯರಿಗೆ ಸಂತೋಷವನ್ನೂ ಜೈಪಾಲರ ಜನರಿಗೆ ನಿರಾಶೆಯನ್ನೂ ತಂದಿತು.

1963ರಲ್ಲಿ ಅವರು ತಮ್ಮ ಪಕ್ಷವನ್ನು ಕಾಂಗ್ರೆಸ್ಸಿನಲ್ಲಿ ವಿಲೀನಗೊಳಿಸಿದರು. ಅನುಯಾಯಿಗಳಲ್ಲಿ ಅನೇಕರಿಗೆ ಇದು ನಂಬಿಕೆದ್ರೋಹವೆನಿಸಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರನ್ನು ಬೆಂಬಲಿಸಿದ್ದಕ್ಕೂ ಅವರ ಮೇಲೆ ಟೀಕೆಯಿದೆ. ಕೊನೆಯ ವರ್ಷಗಳಲ್ಲಿ ಮೊದಲಿನ ಪ್ರಭಾವ ಉಳಿದಿರಲಿಲ್ಲ. 1970ರ ಮಾರ್ಚ್ 20ರಂದು ದೆಹಲಿಯಲ್ಲಿ ನಿಧನರಾದರು. ಅವರು ಕನಸು ಕಂಡ ಜಾರ್ಖಂಡ್ ರಾಜ್ಯ ಉದಯಿಸಿದ್ದು 2000ದ ನವೆಂಬರ್ 15ರಂದು, ಅವರು ತೀರಿಕೊಂಡು ಮೂವತ್ತು ವರ್ಷಗಳಾದ ಮೇಲೆ.

ಅರ್ಹತೆಯ ಅಳತೆಗೋಲು

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಐಸ್ ಹಾಕಿಯ ಮಹನೀಯರಿಗಾಗಿ ಹಾಲ್ ಆಫ್ ಫೇಮ್ ಎಂಬ ಕೀರ್ತಿಭವನವಿದೆ. ಆಟಗಾರ ನಿವೃತ್ತನಾಗಿ ಮೂರು ವರ್ಷ ಕಳೆದ ಮೇಲೆ ಅವನ ಹೆಸರು ಪರಿಶೀಲನೆಗೆ ಬರುತ್ತದೆ. 18 ಮಂದಿಯ ಸಮಿತಿಯಲ್ಲಿ ಮುಕ್ಕಾಲು ಪಾಲು ಮತಗಳು ದೊರೆತರೆ ಮಾತ್ರ ಪ್ರವೇಶ. ಆದರೂ ಅಲ್ಲಿನ ಜನ ಪ್ರತಿವರ್ಷ ಜಗಳವಾಡುತ್ತಾರೆ. ಗೋಲುಗಳ ಸಂಖ್ಯೆ ದೊಡ್ಡದೋ, ಆಡಿದ ವರ್ಷಗಳೋ, ಗೆದ್ದ ಕಪ್ಪುಗಳೋ, ಆಟಕ್ಕೆ ತಂದುಕೊಟ್ಟ ಘನತೆಯೋ? ಭಾರತ ರತ್ನದ ಕುರಿತ ನಮ್ಮ ವಾದವೂ ಇದೇ ಜಾಡಿನದು.

ನಮ್ಮ ಧರ್ಮಸಭೆಯಲ್ಲಿಯೂ ಒಬ್ಬರನ್ನು ಸಂತರೆಂದು ಘೋಷಿಸುವ ಮೊದಲು ಸಾಮಾನ್ಯವಾಗಿ ಮರಣಾನಂತರ ಐದು ವರ್ಷ ಕಾಯುವ ನಿಯಮವಿದೆ. ಜನಪ್ರಿಯತೆಯ ಅಬ್ಬರ ಇಳಿದ ಮೇಲೆ ಉಳಿಯುವುದೇನೆಂದು ನೋಡುವುದಕ್ಕೆ ಆ ಕಾಲಾವಕಾಶ. ಪಟ್ಟಿಗೆ ಸೇರದ ಸಜ್ಜನರು ಅಸಂಖ್ಯರೆಂದು ಒಪ್ಪಿಕೊಂಡೇ ನಾವು ನವೆಂಬರ್ 1ರಂದು ಸಕಲ ಸಂತರ ಹಬ್ಬವನ್ನು ಆಚರಿಸುತ್ತೇವೆ. ಪಟ್ಟಿ ಬೇಕು, ಆದರೆ ಪಟ್ಟಿಯೇ ಸತ್ಯದ ಕೊನೆಯಲ್ಲ ಎಂಬ ವಿವೇಕ ಇದರಲ್ಲಿದೆ.

ಗೌರವವು ಪಡೆಯುವವನಿಗಿಂತ ಕೊಡುವವನನ್ನೇ ಹೆಚ್ಚು ಅವಲಂಬಿಸಿದೆ, ಆದ್ದರಿಂದ ಅದು ಮನುಷ್ಯನ ಪರಮ ಶ್ರೇಯಸ್ಸಾಗಲಾರದು ಎಂದು ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಬೋಧಿಸಿದನು. ಈ ವಿಚಾರವನ್ನು ಮುಂದುವರಿಸಿದರೆ ನಮಗೊಂದು ಎಚ್ಚರಿಕೆ ದೊರೆಯುತ್ತದೆ. ಸತ್ತವನಿಗೆ ಪ್ರಶಸ್ತಿಯಿಂದ ಆಗಬೇಕಾದುದೇನೂ ಇಲ್ಲ. ಆದರೆ ಯಾರನ್ನು ಗೌರವಿಸುತ್ತೇವೆ, ಯಾರನ್ನು ಮರೆಯುತ್ತೇವೆ ಎಂಬುದರಿಂದ ನಮ್ಮ ಸ್ವಭಾವ ಬೆಳಕಿಗೆ ಬರುತ್ತದೆ. ನಮ್ಮ ಮಕ್ಕಳು ಅದನ್ನು ನೋಡಿಯೇ ಕಲಿಯುತ್ತಾರೆ. ಗೋಲು ಹೊಡೆದವನನ್ನು ಮಾತ್ರ ಕೊಂಡಾಡುವ ಮನೆಯಲ್ಲಿ ಚೆಂಡು ದಾಟಿಸುವ ಮಗು ಬೆಳೆಯದು.

ಗೋಲುಗಳ ಲೆಕ್ಕದಲ್ಲಿ ಜೈಪಾಲರು ಧ್ಯಾನ್‌ಚಂದರ ಸಮಕ್ಕೆ ನಿಲ್ಲಲಾರರು, ನಿಲ್ಲಿಸಬೇಕಾಗಿಯೂ ಇಲ್ಲ. ಧ್ಯಾನ್‌ಚಂದರಿಗೆ ಸಲ್ಲಬೇಕಾದುದನ್ನು ಕಸಿದು ಇವರಿಗೆ ಕೊಡಿರೆಂಬುದು ನಮ್ಮ ವಾದವಲ್ಲ. ಆದರೆ ಆಟಕ್ಕಾಗಿ ಏನನ್ನು ತೊರೆದನು, ಆಟದಿಂದ ಬಂದ ಕೀರ್ತಿಯನ್ನು ಯಾರಿಗಾಗಿ ಬಳಸಿದನು ಎಂಬ ಎರಡು ಪ್ರಶ್ನೆಗಳನ್ನೂ ಅಳತೆಗೋಲಿಗೆ ಸೇರಿಸಿದರೆ ಜೈಪಾಲರ ಸಾಲಿನಲ್ಲಿ ನಿಲ್ಲುವವರು ವಿರಳ. ಅಂತಿಮ ಪಂದ್ಯದಲ್ಲಿ ಅವರಿಲ್ಲದಿದ್ದುದು ನಿಜ, ಆ ಕೊರತೆಯನ್ನು ಮುಚ್ಚಿಡಬೇಕಿಲ್ಲ. ಆದರೆ ರಜೆ ನಿರಾಕರಿಸಿದ ಸಾಮ್ರಾಜ್ಯದ ಎದುರು ಆ ತಂಡದ ಮುಂದೆ ನಿಂತವರು ಅವರೇ. ಗೌರವಕ್ಕೆ ಪರಿಪೂರ್ಣತೆಯೇ ಷರತ್ತಾದರೆ ಯಾವ ಕೀರ್ತಿಭವನದಲ್ಲಿಯೂ ಒಂದು ಚಿತ್ರ ತೂಗದು.

ತಡವಾಗಿಯಾದರೂ ಕೆಲವು ಮನ್ನಣೆಗಳು ಸಂದಿವೆ. ರಾಂಚಿಯಲ್ಲಿ ಅವರ ಹೆಸರಿನ ಕ್ರೀಡಾಂಗಣವಿದೆ. 2021ರಲ್ಲಿ ಜಾರ್ಖಂಡ್ ಸರ್ಕಾರ ಆದಿವಾಸಿ ವಿದ್ಯಾರ್ಥಿಗಳನ್ನು ಬ್ರಿಟನ್ನಿಗೆ ಉನ್ನತ ವ್ಯಾಸಂಗಕ್ಕೆ ಕಳುಹಿಸುವ ವಿದ್ಯಾರ್ಥಿವೇತನವನ್ನು ಅವರ ಹೆಸರಿನಲ್ಲಿ ಆರಂಭಿಸಿತು. ಇದಕ್ಕಿಂತ ಜೀವಂತವಾದ ಸ್ಮಾರಕ ಅಲ್ಲಿನ ಮೈದಾನಗಳಲ್ಲಿದೆ. ಛೋಟಾನಾಗಪುರ ಹಾಗೂ ಪಕ್ಕದ ಒಡಿಶಾದ ಸುಂದರಗಢದ ಹಳ್ಳಿಗಳಲ್ಲಿ ಗೆದ್ದ ತಂಡಕ್ಕೆ ಆಡನ್ನು ಬಹುಮಾನವಾಗಿ ಕೊಡುವ ಹಾಕಿ ಪಂದ್ಯಗಳು ಇಂದಿಗೂ ನಡೆಯುತ್ತವೆ. ಆ ನೆಲದಿಂದಲೇ ಮೈಕೆಲ್ ಕಿಂಡೊ, ಸಿಲ್ವಾನಸ್ ಡುಂಗ್‌ಡುಂಗ್, ದಿಲೀಪ್ ಟಿರ್ಕಿ ಬಂದರು. ಜೈಪಾಲರ ಖೂಂಟಿ ಜಿಲ್ಲೆಯ ನಿಕ್ಕಿ ಪ್ರಧಾನ್ 2016ರ ರಿಯೊ ಒಲಿಂಪಿಕ್ಸಿನಲ್ಲಿ ಆಡಿದರು.

ನಮ್ಮ ರಾಜ್ಯ ಸರ್ಕಾರ ಕ್ರೀಡಾಪಟುಗಳಿಗೆ ನೀಡುವ ಪ್ರಶಸ್ತಿಯ ಹೆಸರು ಏಕಲವ್ಯ. ಗುರು ಒಪ್ಪದಿದ್ದರೂ ವಿದ್ಯೆ ಕಲಿತ, ಕಲಿತ ಮೇಲೆ ಹೆಬ್ಬೆರಳನ್ನೇ ತೆರಬೇಕಾಗಿ ಬಂದ ಬೇಡರ ಹುಡುಗನ ಹೆಸರು ಅದು. ಏಕಲವ್ಯನ ಹೆಸರಿನಲ್ಲಿ ಪ್ರಶಸ್ತಿ ಕೊಡುವುದು ಸುಲಭ. ನಮ್ಮ ನಡುವಿನ ಏಕಲವ್ಯರ ಬೆರಳನ್ನು ಉಳಿಸುವುದು ಕಷ್ಟ. ದೇವದುರ್ಗದಿಂದಲೂ ಮಾನ್ವಿಯಿಂದಲೂ ಪ್ರತಿವರ್ಷ ಕುಟುಂಬಗಳು ಬೆಂಗಳೂರಿಗೆ ಗುಳೆ ಹೋಗುತ್ತವೆ. ಅವರೊಡನೆ ಶಾಲೆಯನ್ನೂ ಮೈದಾನವನ್ನೂ ಬಿಟ್ಟು ಹೋಗುವ ಮಕ್ಕಳಲ್ಲಿ ಒಬ್ಬ ಜೈಪಾಲ್ ಇಲ್ಲವೆಂದು ಹೇಳುವವರು ಯಾರು? ಟಕರಾದ ದನಗಾಹಿಗೆ ಒಬ್ಬ ಅಧ್ಯಾಪಕರ ಕಣ್ಣು ಬಿತ್ತು, ಒಂದು ಶಾಲೆಯ ಅಂಗಳ ಸಿಕ್ಕಿತು. ಮುಂದಿನದನ್ನು ಅವನೇ ಗಳಿಸಿಕೊಂಡನು. ಭಾರತ ರತ್ನ ಯಾರಿಗೆ ಕೊಡಬೇಕೆಂಬುದನ್ನು ದೆಹಲಿ ನಿರ್ಧರಿಸಲಿ. ನಮ್ಮ ಕೇರಿಯ ಮಗುವಿನ ಮೇಲೆ ಕಣ್ಣಿಡುವ, ಅದಕ್ಕೊಂದು ಅಂಗಳ ಒದಗಿಸುವ ಕೆಲಸ ಮಾತ್ರ ಈ ಜಿಲ್ಲೆಯ ಶಾಲೆಗಳದು, ವಿಚಾರಣೆಗಳದು ಮತ್ತು ನಮ್ಮ ಮನೆಗಳದು.